"ಇವತ್ತಾ ಅಮ್ಮ?" ರಾಜಕುಮಾರಿಯ ಸಿನಿಮಾಕ್ಕೆ ಕಾಯುವ ಮಗಳು

ಪ್ರಶ್ನೆ: ಡಾಕ್ಟರೇ, ನಾವು ಅಂಕೋಲಾ ಹತ್ತಿರದ ಒಂದು ಹಳ್ಳಿಯವರು. ಮಗಳಿಗೆ ಐದೂವರೆ ವರ್ಷ, ಯುಕೆಜಿ. ನವೆಂಬರ್ ಕೊನೆಗೆ ಒಂದು ರಾಜಕುಮಾರಿಯ ಅನಿಮೇಷನ್ ಸಿನಿಮಾ ಬರುತ್ತದಂತೆ. ಚೌತಿಗೆ ಬಂದ ನಾದಿನಿ ಮೊಬೈಲಿನಲ್ಲಿ ಅದರ ಟ್ರೇಲರ್ ತೋರಿಸಿದಳು. ಅಲ್ಲಿಂದ ಶುರು. ಬೆಳಿಗ್ಗೆ ಎದ್ದವಳೇ "ಇವತ್ತಾ ಅಮ್ಮ?" ಅಂತಾಳೆ. ದಿನಕ್ಕೆ ಹತ್ತು ಸಲ ಟ್ರೇಲರ್ ಬೇಕು. ಅದರಲ್ಲಿ ಕಪ್ಪು ರಾಕ್ಷಸ ಬರುವಾಗ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ, ಮುಗಿದ ಕೂಡಲೇ "ಇನ್ನೊಂದ್ಸಲ" ಅಂತಾಳೆ. ನೀಲಿ ಫ್ರಾಕ್ ಬೇಕೆಂದು ಹಟ. ಮೊನ್ನೆ ಕನ್ನಡಿ ಮುಂದೆ ನಿಂತು "ನಾನು ಕಪ್ಪು, ರಾಜಕುಮಾರಿ ಆಗೂದಿಲ್ಲ ಅಲ್ವಾ?" ಎಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಇದೆಂಥ ಹುಚ್ಚು, ಮೊಬೈಲ್ ಕಸಿದುಕೋ" ಅನ್ನುತ್ತಾರೆ ಅತ್ತೆ. ಇವರು ಮಾತ್ರ "ಮೊದಲ ದಿನವೇ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ತೇನೆ" ಎಂದು ಮಾತು ಕೊಟ್ಟುಬಿಟ್ಟಿದ್ದಾರೆ. ಇವರಿಗೆ ರಜೆ ಸಿಗುವುದು ಯಾವತ್ತೂ ಖಾತ್ರಿ ಇಲ್ಲ. ಎಂಟು ವರ್ಷದ ಮಗನಿಗೂ ನೋಡುವ ಆಸೆ ಇದೆ, "ಹುಡುಗಿಯರ ಸಿನಿಮಾ" ಎಂದು ಬಾಯಿ ಬಿಡುವುದಿಲ್ಲ. ಇದನ್ನೆಲ್ಲ ಹೀಗೇ ಬಿಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆ ಒಟ್ಟಿಗೆ ಬಂದಿವೆ. ಆದರೆ ನನ್ನ ಕಣ್ಣು ನಿಂತಿದ್ದು ಎರಡು ಕಡೆ. ಒಂದು, ಕನ್ನಡಿ ಮುಂದೆ ಅವಳು ಆಡಿದ ಮಾತು. ಇನ್ನೊಂದು, ನಿಮ್ಮ ಯಜಮಾನರು ಕೊಟ್ಟ ಮಾತು. ಟ್ರೇಲರ್, ಫ್ರಾಕ್, ರಾಕ್ಷಸ ಇವೆಲ್ಲ ಐದು ವರ್ಷದ ಮಗು ಇರುವ ಮನೆಯಲ್ಲಿ ನಡೆಯುವಂಥದ್ದೇ. ನಾನು ಕಾರವಾರದಲ್ಲಿ ಮಕ್ಕಳ ಡಾಕ್ಟರಾಗಿ ಕೂತು ಬಹಳ ವರ್ಷವಾಯಿತು. ಜ್ವರಕ್ಕೆಂದು ಬಂದ ಮಕ್ಕಳೂ ತಲೆಗೆ ಕಿರೀಟ ಇಟ್ಟುಕೊಂಡೇ ಒಳಗೆ ಬರುತ್ತಾರೆ.

ಮೊದಲು ಈ ಕಾಯುವ ವಿಷಯ. ನಾನು ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ. ಅಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ನಾವು ಹಿಂದಿನ ವರ್ಷದಿಂದಲೇ ಕಾಯುತ್ತಿದ್ದೆವು. ಹಾರ್ಲಿಕ್ಸ್ ಬಾಟಲಿಯಲ್ಲಿ ಪುಡಿಗಾಸು ಹಾಕಿ, ಭಾನುವಾರ ಚಾಪೆ ಮೇಲೆ ಸುರಿದು ಎಣಿಸುವುದು, ಮತ್ತೆ ತುಂಬುವುದು. ತೊಟ್ಟಿಲಲ್ಲಿ ಎಷ್ಟು ಸಲ ಕೂರಬೇಕು, ಬಳೆ ಅಂಗಡಿಯಲ್ಲಿ ಏನು ಕೊಳ್ಳಬೇಕು ಎಲ್ಲ ಲೆಕ್ಕ ಹಾಕಿಯಾಗಿತ್ತು. ಕೊನೆಗೆ ಜಾತ್ರೆ ಬಂತು. ತೊಟ್ಟಿಲು ಮೇಲೆ ಹೋಗಿದ್ದೇ "ಇಳಿಸಿ" ಎಂದು ಹೋ ಎಂದು ಅತ್ತುಬಿಟ್ಟೆ. ಅಷ್ಟೇ ನನ್ನ ಜಾತ್ರೆ. ಆ ಬಾಟಲಿ ಎಣಿಸಿದ ಭಾನುವಾರಗಳು ಮಾತ್ರ ಈಗಲೂ ನೆನಪಿವೆ.

ನಿಮ್ಮ ಮಗಳ ಸಿನಿಮಾ ಕೂಡ ಆಗಲೇ ಶುರುವಾಗಿದೆ. ಥಿಯೇಟರಿನ ಒಂದೂವರೆ ತಾಸು ಅದರ ಒಂದು ತುಣುಕು ಮಾತ್ರ. ಹಾಗಾಗಿ ಈ ಹುಚ್ಚು ಬಿಡಿಸುವ ಯೋಚನೆ ಬೇಡ. ಅವಳಿಗೆ ಕಾಯುವುದು ಹೇಗೆಂದು ಗೊತ್ತಿಲ್ಲ, ಅಷ್ಟೇ.

ಗೊತ್ತಾಗುವುದಾದರೂ ಹೇಗೆ? ಈ ವಯಸ್ಸಿಗೆ "ಎರಡೂವರೆ ತಿಂಗಳು" ಎಂಬುದು ಬರೀ ಶಬ್ದ. ನಿನ್ನೆ, ಇವತ್ತು, ನಾಳೆ ಇಷ್ಟು ಹಿಡಿತಕ್ಕೆ ಬಂದಿರುತ್ತದೆ. ಕ್ಯಾಲೆಂಡರ್ ಸರಿಯಾಗಿ ತಲೆಗೆ ಹತ್ತಲು ಏಳೆಂಟು ವರ್ಷ ಆಗಬೇಕು. ಅದಕ್ಕೇ ದಿನಾ ಬೆಳಿಗ್ಗೆ "ಇವತ್ತಾ?" ಎನ್ನುವುದು. ಅದು ಹಟವಲ್ಲ, ನಿಜವಾದ ಪ್ರಶ್ನೆ. ಕೆಲವರು ಗೋಡೆಗೆ ಎಪ್ಪತ್ತು ಮನೆಗಳ ಪಟ್ಟಿ ಅಂಟಿಸಿ ದಿನಾ ಒಂದು ಗೀಟು ಹಾಕಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಎಪ್ಪತ್ತು ಮನೆ ನೋಡಿದರೆ ದೊಡ್ಡವರಿಗೇ ಸುಸ್ತಾಗುತ್ತದೆ. ಅವಳಿಗೆ ಗೊತ್ತಿರುವ ಹಬ್ಬಗಳನ್ನೇ ಹಿಡಿದು ಹೇಳಿ. "ಈಗ ಚೌತಿ ಆಯ್ತು. ಇನ್ನು ನವರಾತ್ರಿ ಬರ್ಬೇಕು. ಆಮೇಲೆ ದೊಡ್ಡಹಬ್ಬ (ದೀಪಾವಳಿ). ಆಮೇಲೆ ತುಳಸಿ ಮದುವೆ. ಅದಾದ್ಮೇಲೆ ಸಿನಿಮಾ." ನಾಲ್ಕು ಮೆಟ್ಟಿಲು, ಪ್ರತಿಯೊಂದಕ್ಕೂ ಅದರದೇ ಸಂಭ್ರಮ. ಎಣಿಕೆ ಏನಿದ್ದರೂ ಕೊನೆಯ ಹತ್ತು ದಿನಕ್ಕೆ ಸಾಕು. ಬೇಲೆಗೆ (ಕಡಲತೀರಕ್ಕೆ) ಹೋದಾಗ ಅವಳೇ ಹತ್ತು ಚಿಪ್ಪು ಆರಿಸಲಿ, ದಿನಕ್ಕೊಂದು ಡಬ್ಬಿಗೆ ಹಾಕಲಿ.

ಈಗ ಯಜಮಾನರ ಮಾತಿಗೆ ಬರೋಣ. "ಮಕ್ಕಳಲ್ವಾ, ಮರೆತುಬಿಡ್ತಾರೆ" ಎನ್ನುವವರು ತುಂಬಾ ಜನ. ಊಟ ಮಾಡಿದ್ದನ್ನು ಮರೆಯುತ್ತಾರೆ, ಕೊಟ್ಟ ಮಾತನ್ನು ಮರೆಯುವುದಿಲ್ಲ. ಮಿಠಾಯಿ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು: ಮಗುವಿನ ಎದುರು ಒಂದು ಮಿಠಾಯಿ ಇಟ್ಟು, "ನಾನು ಬರುವ ತನಕ ತಿನ್ನದೆ ಇದ್ದರೆ ಎರಡು ಕೊಡ್ತೇನೆ" ಎನ್ನುವುದು. 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಅದಕ್ಕೆ ಒಂದು ತಿರುವು ಕೊಟ್ಟರು. ಮಿಠಾಯಿಗೆ ಮೊದಲು 28 ಮಕ್ಕಳಿಗೂ "ಒಳ್ಳೆ ಬಣ್ಣ, ಸ್ಟಿಕ್ಕರ್ ತರ್ತೇನೆ, ಕಾಯಿರಿ" ಎಂದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದರ್ಧಕ್ಕೆ "ಅಯ್ಯೋ, ಇಲ್ಲವಂತೆ" ಎಂದು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ನಾವು "ಇವಳಿಗೆ ತಾಳ್ಮೆಯೇ ಇಲ್ಲ" ಎನ್ನುವ ಎಷ್ಟೋ ಮಕ್ಕಳು, ಹಿಂದೆ ಕಾದು ಏನೂ ಸಿಗದೇ ಇದ್ದವರು.

ಇದು ನನಗೂ ತಾಗಿದ ವಿಷಯ. ನನ್ನ ಮಗ ಆರು ವರ್ಷದವನಿದ್ದಾಗ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ, ಮೂರು ವಾರ ಮುಂದೂಡಿ, ಕೊನೆಗೆ ಸಿನಿಮಾವೇ ಥಿಯೇಟರ್ ಬಿಟ್ಟು ಹೋಯಿತು. ಅವನು ಅಳಲಿಲ್ಲ. ಮುಂದಿನ ಸಲ ನಾನು "ಭಾನುವಾರ ಹೋಗೋಣ" ಎಂದಾಗ "ನೋಡೋಣ ಅಮ್ಮ" ಎಂದ. ಆರು ವರ್ಷದ ಹುಡುಗನ ಬಾಯಲ್ಲಿ "ನೋಡೋಣ". ಅದು ನನ್ನದೇ ಮಾತು, ನನಗೇ ವಾಪಸ್ ಬಂತು.

ಹಾಗಾಗಿ ಯಜಮಾನರು ಈ ವಾರವೇ ಮಗಳನ್ನು ಕೂರಿಸಿಕೊಂಡು ಮಾತು ತಿದ್ದಲಿ. "ಪುಟ್ಟಿ, ಮೊದಲ ದಿನವೇ ಎಂದಿದ್ದೆ, ಅದು ನನ್ನ ಕೈಯಲ್ಲಿಲ್ಲ. ಸಿನಿಮಾ ನೋಡಿಯೇ ನೋಡ್ತೇವೆ, ಯಾವ ದಿನ ಎಂದು ಆಮೇಲೆ ಹೇಳ್ತೇನೆ." ಈಗ ಸ್ವಲ್ಪ ಅಳುತ್ತಾಳೆ. ಸೆಪ್ಟೆಂಬರಿನ ಅಳು ನವೆಂಬರಿನ ಅಳುವಿನಷ್ಟು ಕಷ್ಟವಲ್ಲ. ಇನ್ನೊಂದು ವಿಷಯ: ಬಿಡುಗಡೆ ದಿನಾಂಕ ಹಿಂದೆ ಮುಂದೆ ಆಗುವುದು ಮಾಮೂಲು. ಹೊರದೇಶದಲ್ಲಿ ಬಂದ ದಿನವೇ ಇಲ್ಲೂ ಬರಬೇಕೆಂದಿಲ್ಲ. ತಾರೀಖು ಹೇಳುವುದಾದರೆ ಟಿಕೆಟ್ ಕೈಗೆ ಬಂದ ಮೇಲೆ ಹೇಳಿ.

ಇನ್ನು ಕನ್ನಡಿ ಮುಂದಿನ ಮಾತು. ಇದಕ್ಕೆ ಸ್ವಲ್ಪ ಸಮಯ ಕೊಡಿ.

ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. "ಕಪ್ಪು ರಾಕ್ಷಸ" ಎಂದಿದ್ದೀರಿ. ಟ್ರೇಲರಿನಲ್ಲಿ ರಾಜಕುಮಾರಿ ಬೆಳ್ಳಗೆ, ಕೆಟ್ಟದ್ದೆಲ್ಲ ಕಪ್ಪಗೆ. ದಿನಕ್ಕೆ ಹತ್ತು ಸಲ ನೋಡುವ ಮಗು ಅದನ್ನು ಕೂಡಿಸಿ ಕಳೆಯದೇ ಇರುತ್ತದೆಯೇ? ಆದರೆ ತಪ್ಪೆಲ್ಲ ಸಿನಿಮಾದ ತಲೆಗೆ ಕಟ್ಟಬೇಡಿ. "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ." "ಅಣ್ಣನ ಬಣ್ಣ ಇವಳಿಗೆ ಬರಬೇಕಿತ್ತು." "ಕಡಲೆಹಿಟ್ಟು ಹಚ್ಚಿ ತಿಕ್ಕು." ನಮ್ಮ ಕರಾವಳಿಯಲ್ಲಿ ಈ ಮಾತು ಕೇಳದ ಹೆಣ್ಣುಮಕ್ಕಳು ಯಾರಿದ್ದಾರೆ? ಬಾಣಂತಿ ಕೋಣೆಯಲ್ಲೇ ಶುರುವಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಮಕ್ಕಳು ಬಣ್ಣದ ವ್ಯತ್ಯಾಸ ಗುರುತಿಸುತ್ತಾರೆ. ಯಾವುದು ಒಳ್ಳೆಯದು ಎಂಬುದನ್ನು ನಾವು ಕಲಿಸುತ್ತೇವೆ.

ಹೆಚ್ಚಿನ ತಾಯಂದಿರು ಆ ಹೊತ್ತಿಗೆ "ಇಲ್ಲ ಬಂಗಾರಿ, ನೀನೆಲ್ಲಿ ಕಪ್ಪು, ಗೋಧಿಬಣ್ಣ ಅಲ್ವಾ" ಎಂದುಬಿಡುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಮಗುವಿಗೆ ತಲುಪುವುದು ಬೇರೆ: ಕಪ್ಪಾದರೆ ಕಷ್ಟವೇ, ಅಮ್ಮನೂ ಹಾಗೇ ಅನ್ನುತ್ತಾಳೆ. "ಹೌದು, ನಿಂದು ನನ್ನದೇ ಬಣ್ಣ. ರಾಜಕುಮಾರಿಯರು ಎಲ್ಲ ಬಣ್ಣದವರೂ ಇರ್ತಾರೆ" ಎನ್ನಿ ಸಾಕು. ಇದು ಸುಮ್ನೆ ಸಮಾಧಾನದ ಮಾತಲ್ಲ. ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ, ಅಂದರೆ ಕಪ್ಪು ಬಣ್ಣದವಳು. ಪಾಂಚಾಲದ ರಾಜಕುಮಾರಿ. ಅತ್ತೆಯವರಿಗೆ ಆ ಕಥೆ ಬಂದೇ ಬರುತ್ತದೆ. ಮೊಬೈಲ್ ಕಸಿಯುವ ಕೆಲಸಕ್ಕಿಂತ ಈ ಕೆಲಸ ಅವರಿಗೆ ಒಪ್ಪಬಹುದು. ಸಿನಿಮಾದವರ ಲೆಕ್ಕ ಬೇಕಿದ್ದರೆ ಅದೂ ಇದೆ. ಡಿಸ್ನಿ ಕಂಪನಿಯ ಮೊದಲ ರಾಜಕುಮಾರಿ ತೆರೆಗೆ ಬಂದದ್ದು 1937ರಲ್ಲಿ. ಅವರ ಮೊದಲ ಕಪ್ಪು ರಾಜಕುಮಾರಿ ಬಂದದ್ದು 2009ರಲ್ಲಿ. 72 ವರ್ಷ ಹಿಡಿಯಿತು, ಆದರೂ ಬಂದಳು.

ನಿಮ್ಮ ಮನೆಯಿಂದ ಮಿರ್ಜಾನ್ ಕೋಟೆ ದೂರವಿಲ್ಲ. ಒಂದು ಭಾನುವಾರ ಕರೆದುಕೊಂಡು ಹೋಗಿ. ಅದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. ಅವಳು 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಮಳೆ ನಿಂತ ಹೊಸತರಲ್ಲಿ ಆ ಗೋಡೆಗಳ ಮೇಲೆಲ್ಲ ಹಸಿರು ಪಾಚಿ ಇರುತ್ತದೆ, ಸಿನಿಮಾದ ಸೆಟ್ಟಿಗಿಂತ ಚೆಂದ. ಒಂದೇ ಮಾತು: "ನೋಡು, ಇವಳು ನಿಜವಾದ ರಾಣಿ, ನಿನ್ನದು ಬರೀ ಕಾರ್ಟೂನ್" ಎಂದು ಹೋಲಿಸಬೇಡಿ. ಪಾಠ ಶುರುವಾಯಿತೆಂದು ಮಕ್ಕಳಿಗೆ ಕೂಡಲೇ ವಾಸನೆ ಬರುತ್ತದೆ. ಒಂದು ಹಿಡಿ ಕಾಳುಮೆಣಸು ಜೇಬಿಗೆ ಹಾಕಿಕೊಡಿ, ಓಡಾಡಲು ಬಿಡಿ.

ರಾಜಕುಮಾರಿ ಹುಚ್ಚು ಹುಡುಗಿಯರನ್ನು ಕೆಡಿಸುತ್ತದೆಯೇ? ಅತ್ತೆಯವರ ಚಿಂತೆ ಪೂರ್ತಿ ಸುಳ್ಳಲ್ಲ. ಸಾರಾ ಕಾಯ್ನ್ ಎಂಬ ಅಮೆರಿಕದ ಸಂಶೋಧಕಿ 2016ರಲ್ಲಿ 198 ಪುಟ್ಟ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ರಾಜಕುಮಾರಿ ಆಟದಲ್ಲಿ ಜಾಸ್ತಿ ಮುಳುಗಿದವರು ಒಂದು ವರ್ಷದ ನಂತರ "ಹುಡುಗಿಯರು ಹೀಗೇ ಇರಬೇಕು" ಎಂಬಂಥ ನಡವಳಿಕೆ ಹೆಚ್ಚು ತೋರಿದರು. ಪೇಪರಿನಲ್ಲೆಲ್ಲ ಅದೇ ಸುದ್ದಿಯಾಯಿತು. ಅವರದೇ ತಂಡ 2021ರಲ್ಲಿ ಐದು ವರ್ಷದ ನಂತರದ ಕಥೆ ಹೇಳಿತು. ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಚಿಕ್ಕಂದಿನಲ್ಲಿ ರಾಜಕುಮಾರಿಯರನ್ನು ಮೆಚ್ಚಿದ್ದ ಮಕ್ಕಳು ಹತ್ತು ಹನ್ನೊಂದರ ಹೊತ್ತಿಗೆ ಗಂಡು ಹೆಣ್ಣು ಸಮಾನ ಎನ್ನುವ ಕಡೆಗೇ ಹೆಚ್ಚು ವಾಲಿದ್ದರು. ಹುಡುಗರಲ್ಲೂ "ಗಂಡಸು ಅಳಬಾರದು" ಎಂಬ ಬಿಗಿ ಕಡಿಮೆ ಇತ್ತು. ಅದಕ್ಕೆ ನಿಮ್ಮ ಮಗನಿಗೂ ಒಂದು ಸೀಟು ಇರಲಿ. ಅವನನ್ನು ಕೇಳಬೇಡಿ, ಕೇಳಿದರೆ ಬೇಡ ಅಂತಾನೆ. "ತಂಗಿಯ ಪಕ್ಕ ಯಾರಾದ್ರೂ ಕೂರ್ಬೇಕಲ್ಲ, ನೀನು ಬಾ" ಎನ್ನಿ, ಮುಖ ಉಳಿಯುತ್ತದೆ.

ಭಯದ ವಿಷಯ. ಮುಖ ಮುಚ್ಚಿಕೊಂಡು ಮತ್ತೆ ಹಾಕು ಎನ್ನುವುದು ಒಳ್ಳೆ ಲಕ್ಷಣ. ಹೆದರಿಸುವ ವಸ್ತುವನ್ನು ಮತ್ತೆ ಮತ್ತೆ ನೋಡಿ ಪಳಗಿಸುತ್ತಿದ್ದಾಳೆ. ನಾವು ಅಜ್ಜಿಗೆ ಅದೇ ದೆವ್ವದ ಕಥೆ ಹೇಳು ಎಂದು ಕಾಡುತ್ತಿರಲಿಲ್ಲವೇ, ಹಾಗೆ. ಆದರೆ "ಕಾರ್ಟೂನ್ ತಾನೇ, ಏನಿರುತ್ತೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಒಂದು ಲೇಖನ ಬಂತು. 1937ರಿಂದ 2013ರವರೆಗಿನ 45 ದೊಡ್ಡ ಮಕ್ಕಳ ಅನಿಮೇಷನ್ ಚಿತ್ರಗಳನ್ನು ದೊಡ್ಡವರ ಚಿತ್ರಗಳ ಜೊತೆ ಹೋಲಿಸಿದ್ದರು. ಮುಖ್ಯ ಪಾತ್ರ ಸಾಯುವ ಸಾಧ್ಯತೆ ಮಕ್ಕಳ ಚಿತ್ರದಲ್ಲೇ ಎರಡೂವರೆ ಪಟ್ಟು ಹೆಚ್ಚು. ನಾಯಕ ನಾಯಕಿಯ ಅಪ್ಪ ಅಮ್ಮ ಸಾಯುವುದಂತೂ ಐದು ಪಟ್ಟು ಹೆಚ್ಚು. ರಾಕ್ಷಸನಿಗಿಂತ ಇದು ಮಕ್ಕಳನ್ನು ಜಾಸ್ತಿ ಕಾಡುತ್ತದೆ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಎರಡು ವಾರ ಅಮ್ಮನನ್ನು ಬಚ್ಚಲಿಗೂ ಒಬ್ಬಳೇ ಹೋಗಲು ಬಿಡಲಿಲ್ಲ. ಕಾರಣ ಒಂದು ಮರಿಪ್ರಾಣಿಯ ಸಿನಿಮಾ.

ಐದಾರು ವರ್ಷದವರಿಗೆ "ಅದೆಲ್ಲ ಸುಳ್ಳು" ಎಂದರೆ ಅಷ್ಟಾಗಿ ನಾಟುವುದಿಲ್ಲ. ಮಾಡಿ ತೋರಿಸಬೇಕು. ನಮ್ಮ ಕಡೆ ಅದಕ್ಕೆ ಸುಲಭದ ದಾರಿ ಇದೆ. ಆಟ ಶುರುವಾಗುವ ಮೊದಲು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ. ಲುಂಗಿ ಉಟ್ಟು ಚಹಾ ಕುಡಿಯುತ್ತ ಕೂತ ಮನುಷ್ಯ, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಿಂದ ಕೆನ್ನೆಗೆ ಬಿಳಿ ಚುಕ್ಕಿಗಳ ಚಿಟ್ಟೆ ಇಡುತ್ತ ಇಡುತ್ತ ರಾಕ್ಷಸನಾಗುವುದನ್ನು ಅವಳು ನೋಡಲಿ. ಮೇಳದವರನ್ನು ಮೊದಲೇ ಕೇಳಿಕೊಳ್ಳಿ, ಮಕ್ಕಳನ್ನು ಬೇಡ ಎನ್ನುವವರು ಕಡಿಮೆ. ಮನೆಗೆ ಬಂದು ಹಳೆ ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದು ಚೆಂಡು ಬರೆಯಿರಿ, ಪುಟಕ್ಕೊಂದು, ಪ್ರತಿ ಪುಟದಲ್ಲೂ ಕೂದಲೆಳೆ ಮೇಲೆ. ಹೆಬ್ಬೆರಳಲ್ಲಿ ಪರಪರ ಬಿಟ್ಟರೆ ಚೆಂಡು ಹಾರುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೂವರೆ ತಾಸಿಗೆ 1,29,600. ಈ ಲೆಕ್ಕ ಮಗನಿಗೆ ಬಿಡಿ, ಕುಣಿದುಕೊಂಡು ಮಾಡುತ್ತಾನೆ.

ಟ್ರೇಲರನ್ನು ಪೂರ್ತಿ ನಿಲ್ಲಿಸಬೇಡಿ, ದಿನಕ್ಕೆ ಎರಡು ಸಲ ಎಂದು ಹೊತ್ತು ಗೊತ್ತು ಮಾಡಿ. ಭಾರತೀಯ ಮಕ್ಕಳ ವೈದ್ಯರ ಸಂಘ ಐದರಿಂದ ಹತ್ತು ವರ್ಷದವರಿಗೆ ಎಲ್ಲ ಪರದೆ ಸೇರಿ ದಿನಕ್ಕೆ ಎರಡು ತಾಸಿಗಿಂತ ಕಡಿಮೆ ಇರಲಿ ಎನ್ನುತ್ತದೆ. ನನಗೆ ಟ್ರೇಲರಿಗಿಂತ ಅದು ಮುಗಿದ ಮೇಲೆ ತಾನಾಗಿ ಬರುವ ವಿಡಿಯೋಗಳದ್ದೇ ಚಿಂತೆ. ರಾಜಕುಮಾರಿಯ ಮುಖ ಅಂಟಿಸಿ, ಒಳಗೆ ಇಂಜೆಕ್ಷನ್ನು, ರಕ್ತ, ಹೊಡೆದಾಟ ತುಂಬಿದ ನಕಲಿ ವಿಡಿಯೋಗಳು 2017ರಲ್ಲಿ ಎಷ್ಟು ಹರಡಿದವೆಂದರೆ, ಯೂಟ್ಯೂಬ್ ಸಾವಿರಗಟ್ಟಲೆ ತೆಗೆದುಹಾಕಬೇಕಾಯಿತು. ಟ್ರೇಲರನ್ನು ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡಿಗೆ ಹಾಕಿ ಕೊಡಿ. ಅತ್ತೆಗೂ ಸಮಾಧಾನ.

ಈಗ ಹೋಗುವ ವಿಚಾರ. ಮೊದಲ ದಿನ ಹೋದರೆ ಸಂಭ್ರಮ ಜಾಸ್ತಿ, ಜನ ಜಾಸ್ತಿ, ಚಿತ್ರದಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಓಟಿಟಿಗೆ ಬರಲಿ ಎಂದು ಕಾದರೆ ಮನೆಯಲ್ಲಿ ದೀಪ ಹಾಕಿಕೊಂಡು, ಬೇಕಾದಲ್ಲಿ ನಿಲ್ಲಿಸಿ ನೋಡಬಹುದು. ತೀರಾ ಅಂಜುವ ಮಕ್ಕಳಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅಷ್ಟರಲ್ಲಿ ಶಾಲೆಯಲ್ಲಿ ಎಲ್ಲರೂ ನೋಡಿ ಮುಗಿಸಿರುತ್ತಾರೆ, ಇಷ್ಟು ಕಾದವಳಿಗೆ ಅದು ಸಪ್ಪೆ. ನಿಮ್ಮ ಮಗಳಿಗೆ ನನ್ನ ಆಯ್ಕೆ ಎರಡನೇ ವಾರ, ಬೆಳಗಿನ ಆಟ, ಬದಿಯ ಸೀಟು. ತೀರಾ ತಡ ಮಾಡಬೇಡಿ, ನನ್ನ ಗತಿಯಾದೀತು. ಅಷ್ಟರಲ್ಲಿ ನೋಡಿದವರನ್ನು "ಅಪ್ಪ ಅಮ್ಮ ಸಾಯ್ತಾರಾ?" ಎಂದು ನೇರ ಕೇಳಿ. ಸೆನ್ಸಾರ್ ಸರ್ಟಿಫಿಕೇಟ್ ನೋಡಿ. 2024ರ ನವೆಂಬರಿನಿಂದ ಯುಎ ಎಂಬುದು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಯುಎ 7+ ಎಂದರೆ ನಿಮ್ಮ ಮಗಳಿಗೆ ಬಾಗಿಲು ಮುಚ್ಚಿದೆ ಎಂದಲ್ಲ, ತಂದೆ ತಾಯಿ ಯೋಚಿಸಿ ಕರೆತನ್ನಿ ಎಂದು. ಹೆಚ್ಚಾಗಿ ಇಂಥ ಚಿತ್ರ ನಮ್ಮಲ್ಲಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಸಿಗುತ್ತದೆ. ಅದಕ್ಕೆ ಕಥೆಯನ್ನು ಮೊದಲೇ ಕನ್ನಡದಲ್ಲಿ ಪೂರ್ತಿ ಹೇಳಿಬಿಡಿ, ಕೊನೆಯೂ ಸೇರಿ. ಮಜಾ ಹೋಗುತ್ತದೆ ಎನ್ನುವುದು ದೊಡ್ಡವರ ಚಿಂತೆ. ಮಕ್ಕಳು ಗೊತ್ತಿರುವ ಕಥೆಗೇ ಕಣ್ಣರಳಿಸುವುದು. ಅರ್ಧಕ್ಕೆ "ಹೋಗೋಣ" ಎಂದರೆ ಎದ್ದು ಬನ್ನಿ, ದುಡ್ಡಿನ ಲೆಕ್ಕ ಹೇಳಬೇಡಿ. ತೊಟ್ಟಿಲಿಂದ ನನ್ನನ್ನು ಇಳಿಸಿಕೊಂಡ ಅಪ್ಪ ಬೈಯಲಿಲ್ಲ, ಕಬ್ಬಿನ ಹಾಲು ಕುಡಿಸಿದರು. 3ಡಿ ಕನ್ನಡಕ ಕಣ್ಣಿಗೆ ಹಾಳಲ್ಲ. ಎಲ್ಲರಿಗೂ ಮುಂದೆ ಬಂದಂತೆ ಕಾಣುವುದು ಇವಳಿಗೆ ಮಾತ್ರ ಕಾಣದಿದ್ದರೆ, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಒಂದು ಕಣ್ಣಿನ ದೃಷ್ಟಿ ಕಮ್ಮಿ ಇರುವುದು ಎಷ್ಟೋ ಸಲ ಹೀಗೇ ಸಿಕ್ಕಿಬೀಳುತ್ತದೆ.

ಸಿನಿಮಾ ನೋಡಿದ ಮೇಲೆ ನಾಲ್ಕು ದಿನ ನಿಮ್ಮ ಪಕ್ಕ ಮಲಗುತ್ತೇನೆ ಎಂದರೆ ಮಲಗಲಿ. ಮೂರು ನಾಲ್ಕು ವಾರ ಕಳೆದರೂ ರಾತ್ರಿ ಬೆಚ್ಚಿ ಏಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ.

ಉಳಿದದ್ದು ನೀಲಿ ಫ್ರಾಕ್. ಅಂಗಡಿಯ ನೈಲಾನ್ ನೆಟ್ಟಿನ ಫ್ರಾಕ್ ನಮ್ಮ ಸೆಕೆಗೆ ಆಗಿಬರುವುದಿಲ್ಲ. ಅರ್ಧ ದಿನ ಹಾಕಿದರೆ ಕುತ್ತಿಗೆ, ಕಂಕುಳಲ್ಲಿ ಬೆವರುಗುಳ್ಳೆ. ಕಿಡಿ ತಾಗಿದರೆ ಕರಗಿ ಮೈಗೆ ಅಂಟುವ ಬಟ್ಟೆ ಅದು, ದೊಡ್ಡಹಬ್ಬಕ್ಕೆ ಹಣತೆ, ಪಟಾಕಿ ಹತ್ತಿರ ಬೇಡವೇ ಬೇಡ. ನಿಮಗೊಂದು ಸಂಗತಿ ಹೇಳಬೇಕು. ಡಿಸ್ನಿಯವರು "ರಾಜಕುಮಾರಿ" ಹೆಸರಲ್ಲಿ ಬಟ್ಟೆ ಬೊಂಬೆ ಮಾರಲು ಹೊರಟದ್ದು 2000ದ ಆಸುಪಾಸಿನಲ್ಲಿ. ಅವರ ಅಧಿಕಾರಿ ಆಂಡಿ ಮೂನಿ ಒಂದು ಮಂಜುಗಡ್ಡೆ ನೃತ್ಯದ ಪ್ರದರ್ಶನಕ್ಕೆ ಹೋಗಿದ್ದಾಗ, ಸಾಲಲ್ಲಿ ನಿಂತ ಪುಟ್ಟ ಹುಡುಗಿಯರು ಮನೆಯಲ್ಲೇ ಮಾಡಿದ ರಾಜಕುಮಾರಿ ವೇಷ ಹಾಕಿಕೊಂಡು ಬಂದಿದ್ದನ್ನು ಕಂಡರಂತೆ. ಇಡೀ ವ್ಯಾಪಾರ ಹುಟ್ಟಿದ್ದು ಅಲ್ಲಿ. ಅತ್ತೆಯವರ ಹಳೆ ನೀಲಿ ಕಾಟನ್ ಸೀರೆ ಇದ್ದರೆ ಊರ ಟೇಲರಿಗೆ ಕೊಡಿ. ಅಳತೆ ಕೊಡುವಾಗ ಮಗಳನ್ನೂ ಅಜ್ಜಿಯನ್ನೂ ಒಟ್ಟಿಗೆ ಕಳಿಸಿ.

ಹುಬ್ಬಳ್ಳಿಗೇ ಹೋಗುವುದಾದರೆ ಅರಬೈಲ್ ಘಾಟಿ ಇದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಿರುವಿನಲ್ಲಿ ವಾಂತಿ ಜಾಸ್ತಿ. ಖಾಲಿ ಹೊಟ್ಟೆಯೂ ಬೇಡ, ದೋಸೆ ಚಟ್ನಿ ತುಂಬಿಸುವುದೂ ಬೇಡ, ಎರಡು ಇಡ್ಲಿ ಸಾಕು. ದಾರಿಯಲ್ಲಿ ಮೊಬೈಲ್ ಬೇಡ, ಕಿಟಕಿಯಿಂದ ದೂರ ನೋಡಲಿ. ತೀರಾ ಕಷ್ಟವಾದರೆ ಅಂಕೋಲಾದಿಂದ ರೈಲಿನಲ್ಲಿ ಮಡಗಾಂವ್‌ಗೆ ಹೋಗಬಹುದು, ಘಾಟಿಯ ಕಾಟವಿಲ್ಲ. ಘಾಟಿ ಹತ್ತುವುದಾದರೆ ಒಂದು ಜೊತೆ ಹಳೆ ಬಟ್ಟೆ ಹಾಕಿಸಿ. ನೀಲಿ ಫ್ರಾಕ್ ಚೀಲದಲ್ಲಿರಲಿ, ಹುಬ್ಬಳ್ಳಿ ಮುಟ್ಟಿದ ಮೇಲೆ ತೊಡಿಸಿ.